ಪಟಿಕದ ಚರ್ಮ ಹದ ಮಾಡುವ ಕಿಟ್ ಮತ್ತು ನಮ್ಮ ಮನೆಯ ಸೆಪ್ಟಿಕ್ ಟ್ಯಾಂಕ್: ಹದಿನೆಂಟು ತಿಂಗಳ ಬಳಕೆಯ ನಂತರ

ಆಡು ಮತ್ತು ಕುರಿಯ ಚರ್ಮವನ್ನು ಮನೆಯಲ್ಲೇ ಹದ ಮಾಡಿಕೊಳ್ಳುವವರಿಗಾಗಿ ಆನ್‌ಲೈನಿನಲ್ಲಿ ಮಾರಾಟವಾಗುವ ಪಟಿಕದ ಕಿಟ್ ಒಂದನ್ನು ನಾನು ಹದಿನೆಂಟು ತಿಂಗಳಿನಿಂದ ಬಳಸುತ್ತಿದ್ದೇನೆ. ಈ ಅವಧಿಯಲ್ಲಿ ಐದು ಕಂತುಗಳಲ್ಲಿ ಇಪ್ಪತ್ತು ಚರ್ಮಗಳನ್ನು ಹದ ಮಾಡಿದ್ದೇನೆ. ಚರ್ಮದ ಗುಣಮಟ್ಟದ ಬಗ್ಗೆ ನನ್ನ ದೂರಿಲ್ಲ. ಆದರೆ ಕೆಲಸ ಮುಗಿದ ಮೇಲೆ ಡ್ರಮ್ಮಿನಲ್ಲಿ ಉಳಿಯುವ ನೀರನ್ನು ಏನು ಮಾಡಬೇಕೆಂಬ ಬಗ್ಗೆ ಕಿಟ್ಟಿನ ಸೂಚನಾಪತ್ರದಲ್ಲಿ ಇರುವುದು ಒಂದೇ ಮಾತು: ಸೋಡಾ ಬೆರೆಸಿ, ಸಾಕಷ್ಟು ನೀರಿನೊಂದಿಗೆ ಚರಂಡಿಗೆ ಬಿಡಬೇಕು. ಒಳಚರಂಡಿ ಇಲ್ಲದೆ ಸೆಪ್ಟಿಕ್ ಟ್ಯಾಂಕ್ ಮತ್ತು ಇಂಗುಗುಂಡಿಯನ್ನೇ ನಂಬಿರುವ ನಮ್ಮಂಥ ಮನೆಗಳಿಗೆ ಆ ಮಾತು ತಪ್ಪು. ಅದನ್ನು ನಂಬಿದ್ದರ ಫಲವನ್ನು ನಮ್ಮ ಹಿತ್ತಲು ಅನುಭವಿಸಿರುವುದರಿಂದ ಈ ವಿಮರ್ಶೆಯ ಬಹುಪಾಲನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ಮೊದಲು ಕಿಟ್ಟಿನ ವಿಷಯ. ನಾಲ್ಕು ಚರ್ಮಗಳಿಗೆ ಸಾಲುವ ಪೆಟ್ಟಿಗೆಗೆ ನಾನು ಕೊಟ್ಟದ್ದು 1,850 ರೂಪಾಯಿ. ಅದರಲ್ಲಿ ಎರಡು ಕಿಲೋ ಪಟಿಕ (ನಮ್ಮ ಕಡೆ ತುರಟಿ ಎನ್ನುತ್ತೇವೆ), 400 ಗ್ರಾಂ ಸಿಟ್ರಿಕ್ ಆಮ್ಲ, ಚರ್ಮವನ್ನು ಮೆದುಗೊಳಿಸುವ ಎಣ್ಣೆ, ಒಂದು ಜೊತೆ ಕೈಗವಸು ಮತ್ತು ಐದು ಪಿಎಚ್ ಪಟ್ಟಿಗಳು (ನೀರಿನ ಹುಳಿ ಅಳೆಯುವ ಕಾಗದ; 7 ಎಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ) ಬರುತ್ತವೆ. ಉಪ್ಪನ್ನು ನಾವೇ ತರಬೇಕು. ಹಸಿ ಚರ್ಮಕ್ಕೆ ಉಪ್ಪು ಹಚ್ಚಿಟ್ಟು, ತೊಳೆದು, ಒಳಮೈಯ ಮಾಂಸ ಮತ್ತು ಕೊಬ್ಬನ್ನು ಕೆರೆದು, ಅದನ್ನು 20 ಲೀಟರ್ ಹುಳಿ ನೀರಿನಲ್ಲಿ, ಅಂದರೆ ಎರಡು ಕಿಲೋ ಉಪ್ಪು ಮತ್ತು ಸಿಟ್ರಿಕ್ ಆಮ್ಲ ಕರಗಿಸಿದ ನೀರಿನಲ್ಲಿ, ಮೂರು ದಿನ ನೆನೆಹಾಕಬೇಕು. ಬಳಿಕ ಮತ್ತೊಂದು 20 ಲೀಟರಿನಲ್ಲಿ ಪಟಿಕ ಮತ್ತು ಒಂದು ಕಿಲೋ ಉಪ್ಪು ಕರಗಿಸಿ ಐದು ದಿನ ಇಡಬೇಕು. ಎಣ್ಣೆ ಹಚ್ಚಿ, ಎಳೆದು, ನಾದಿ ಒಣಗಿಸಿದ ಮೇಲೆ ಸಿಗುವ ಚರ್ಮ ಹಾಲಿನ ಕೆನೆಯ ಬಣ್ಣದ್ದು, ಮೃದು ಮತ್ತು ಹಗುರ. ತುಪ್ಪಳ ಉಳಿಸಿಕೊಂಡ ಕುರಿಚರ್ಮದ ಹಾಸು ಬಹಳ ಚೆನ್ನಾಗಿ ಬಂದಿದೆ. ಒಂದು ಮಿತಿಯನ್ನು ಮಾತ್ರ ಹೇಳಲೇಬೇಕು: ಪಟಿಕದಿಂದ ಹದಗೊಂಡ ಚರ್ಮ ನೀರಿನಲ್ಲಿ ನೆನೆದರೆ ಪಟಿಕ ಬಿಟ್ಟುಹೋಗಿ, ಒಣಗಿದಾಗ ಮತ್ತೆ ಹಸಿ ತೊಗಲಿನಂತೆ ಬಿರುಸಾಗುತ್ತದೆ. ಆದ್ದರಿಂದ ಚಪ್ಪಲಿಗೆ ಇದು ಸಲ್ಲದು.

ನಮ್ಮ ಮನೆ ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ರಸ್ತೆಯ ಬದಿಯ ಬಡಾವಣೆಯೊಂದರಲ್ಲಿದೆ. ಅಲ್ಲಿನ ನೆಲ ಅಪ್ಪಟ ಎರೆ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವ, ಮಳೆಗಾಲದಲ್ಲಿ ಉಬ್ಬಿ ಬಿರುಕುಗಳನ್ನೆಲ್ಲ ಮುಚ್ಚಿಕೊಳ್ಳುವ ಈ ಮಣ್ಣು ಮೊದಲೇ ನೀರನ್ನು ನಿಧಾನವಾಗಿ ಕುಡಿಯುತ್ತದೆ. ಮೊದಲ ಎರಡು ಕಂತುಗಳ ನೀರನ್ನು ನಾನು ಸೂಚನೆಯಂತೆ ಅಡುಗೆ ಸೋಡಾ ಬೆರೆಸಿ, ಪಿಎಚ್ ಪಟ್ಟಿ 7ಕ್ಕೆ ಬಂದುದನ್ನು ನೋಡಿಕೊಂಡು, ಬಚ್ಚಲಿನ ಮೂಲಕ ಸೆಪ್ಟಿಕ್ ಟ್ಯಾಂಕಿಗೆ ಬಿಟ್ಟೆ. ಹತ್ತು ದಿನಗಳಲ್ಲಿ ಗಾಳಿ ಕೊಳವೆಯಿಂದ ಕೊಳೆತ ಮೊಟ್ಟೆಯ ವಾಸನೆ ಶುರುವಾಯಿತು. ಪಕ್ಕದ ಮನೆಯ ಅಕ್ಕನವರು ಸಂಜೆ ಕಿಟಕಿ ಮುಚ್ಚಿಕೊಂಡು ಕೂಡುವಂತಾಯಿತು. ಆ ಬೇಸಿಗೆಯಲ್ಲಿ ಇಂಗುಗುಂಡಿಯ ಪಕ್ಕದ ಲಿಂಬೆ ಗಿಡದ ಎಲೆಗಳ ಅಂಚು ಸುಟ್ಟಂತೆ ಕಂದಿತು, ಸಂಡಾಸದಲ್ಲಿ ನೀರು ಇಳಿಯುವುದು ತಡವಾಯಿತು. ಕೊನೆಗೆ ಸಕ್ಕಿಂಗ್ ಗಾಡಿ ಕರೆಸಿದಾಗ ಅದರ ಚಾಲಕರು ಮುಚ್ಚಳ ಸರಿಸಿ ತಕ್ಷಣ ಹಿಂದೆ ಸರಿದರು. "ಸಾಹೇಬರ, ಇದು ಬರೇ ಸಂಡಾಸದ ವಾಸನಿ ಅಲ್ರಿ. ಏನರ ಔಷಧಿ ಸುರುವೀರೇನು ಇದರಾಗ?" ಎಂದು ಕೇಳಿ, ಒಂದು ತಾಸು ಮುಚ್ಚಳ ತೆರೆದಿಟ್ಟ ಮೇಲೆಯೇ ಅವರು ಕೊಳವೆ ಇಳಿಸಿದ್ದು. ಅವರಿಗೆ ನಾನು ನಿಜ ಹೇಳಿದೆ. ಮೊದಲೇ ಹೇಳದೆ ಹೋದದ್ದು ನನ್ನ ತಪ್ಪು, ಅದು ಈಗಲೂ ನನ್ನನ್ನು ಕಾಡುತ್ತದೆ. ಸೆಪ್ಟಿಕ್ ಟ್ಯಾಂಕಿಗೆ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದನ್ನು ಮಲ ಹೊರುವ ಪದ್ಧತಿಯ ವಿರುದ್ಧದ 2013ರ ಕಾಯ್ದೆ ನಿಷೇಧಿಸಿದೆ, ನಿಜ. ಆದರೆ ಮೇಲೆ ನಿಂತು ಕೊಳವೆ ಹಿಡಿಯುವವರು ಉಸಿರಾಡುವುದೂ ನಮ್ಮ ಟ್ಯಾಂಕಿನ ಗಾಳಿಯನ್ನೇ.

ಆ ವಾಸನೆಯ ಮೂಲ ಪಟಿಕ. ಪಟಿಕವೆಂದರೆ ಪೊಟ್ಯಾಸಿಯಂ ಮತ್ತು ಅಲ್ಯೂಮಿನಿಯಂಗಳ ಸಲ್ಫೇಟು. ಅದರ ತೂಕದಲ್ಲಿ ಹತ್ತಿರ ಹತ್ತಿರ ನೂರಕ್ಕೆ 40ರಷ್ಟು ಸಲ್ಫೇಟೇ ಇರುತ್ತದೆ. ಗಾಳಿಯಿಲ್ಲದ ಟ್ಯಾಂಕಿನಲ್ಲಿ ಬದುಕುವ ಕೆಲವು ಬ್ಯಾಕ್ಟೀರಿಯಾಗಳು ಈ ಸಲ್ಫೇಟನ್ನು ಹೈಡ್ರೋಜನ್ ಸಲ್ಫೈಡ್ ಅನಿಲವಾಗಿ ಬದಲಿಸುತ್ತವೆ. ಆ ಅನಿಲ ವಿಷಕಾರಿ. ಟ್ಯಾಂಕಿನ ಕಾಂಕ್ರೀಟನ್ನೂ ಅದು ತಿನ್ನುತ್ತದೆ. ಸೋಡಾ ಬೆರೆಸಿದರೆ ಆಮ್ಲ ಶಮನವಾಗುತ್ತದೆಯೇ ಹೊರತು ಸಲ್ಫೇಟು ಎಲ್ಲಿಗೂ ಹೋಗುವುದಿಲ್ಲ. ನಾನು ಪಟ್ಟಿಯ ಮೇಲೆ 7 ಕಂಡು ನೆಮ್ಮದಿಯಿಂದ ಸುರಿದದ್ದು ಈ ವಿಷಯ ತಿಳಿಯದೆ.

ಇದಕ್ಕಿಂತ ದೊಡ್ಡ ತೊಂದರೆ ಉಪ್ಪಿನದು. ಹಸಿ ಚರ್ಮಕ್ಕೆ ಹಚ್ಚಿದ್ದು, ಹುಳಿ ನೀರಿಗೆ ಹಾಕಿದ್ದು, ಪಟಿಕದ ನೀರಿಗೆ ಹಾಕಿದ್ದು ಎಲ್ಲ ಸೇರಿ ಒಂದು ಕಂತಿಗೆ ಆರು ಕಿಲೋದಷ್ಟು ಉಪ್ಪು ನನ್ನ ಡ್ರಮ್ಮುಗಳಿಂದ ಹೊರಬರುತ್ತದೆ. ಸೆಪ್ಟಿಕ್ ಟ್ಯಾಂಕು ಘನವಸ್ತುವನ್ನು ತಳಕ್ಕೆ ಕೂರಿಸಿ ಕೊಳೆಸುವ ತೊಟ್ಟಿ. ನೀರಿನಲ್ಲಿ ಕರಗಿದ ಉಪ್ಪನ್ನು ಅದು ಮುಟ್ಟುವುದೇ ಇಲ್ಲ, ಹಾಗೆಯೇ ಇಂಗುಗುಂಡಿಗೆ ದಾಟಿಸುತ್ತದೆ. ಟ್ಯಾಂಕಿನ ಬ್ಯಾಕ್ಟೀರಿಯಾಗಳು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳಬಲ್ಲವು. ಗುಂಡಿಯ ಸುತ್ತಲಿನ ಎರೆಮಣ್ಣಿಗೆ ಆ ಶಕ್ತಿಯಿಲ್ಲ. ಸೋಡಿಯಂ ಹೆಚ್ಚಾದರೆ ಜೇಡಿಯ ಕಣಗಳು ಒಂದನ್ನೊಂದು ಬಿಟ್ಟು ಚದುರಿ, ಮಣ್ಣಿನ ಸಣ್ಣ ರಂಧ್ರಗಳಲ್ಲಿ ಕೂತು ನೀರಿನ ದಾರಿಯನ್ನೇ ಮುಚ್ಚುತ್ತವೆ. ಸವುಳು ಹತ್ತಿದ ಹೊಲವನ್ನು ಕಂಡ ನಮ್ಮ ಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಂದು ಸಂಗತಿ ನನಗೆ ತಡವಾಗಿ ಹೊಳೆಯಿತು. ಅಡುಗೆ ಸೋಡಾ ಕೂಡ ಸೋಡಿಯಂನ ಲವಣವೇ. ಒಂದು ಗ್ರಾಂ ಸಿಟ್ರಿಕ್ ಆಮ್ಲವನ್ನು ಶಮನ ಮಾಡಲು ಸುಮಾರು 1.3 ಗ್ರಾಂ ಸೋಡಾ ಬೇಕು, ಪಟಿಕದ ನೀರಿಗೆ ಒಂದು ಕಿಲೋವರೆಗೂ ಬೇಕಾಗಬಹುದು. ಅಂದರೆ ಸೂಚನಾಪತ್ರ ಹೇಳಿದಂತೆ ಮಾಡಿದಷ್ಟೂ ನಾನು ಮಣ್ಣಿಗೆ ಇನ್ನಷ್ಟು ಸೋಡಿಯಂ ಉಣಿಸುತ್ತಿದ್ದೆ.

ಮಾರಾಟಗಾರರಿಗೆ ಕರೆ ಮಾಡಿ ಇದನ್ನೆಲ್ಲ ವಿವರಿಸಿದೆ. ಅವರು ಸೌಜನ್ಯದಿಂದಲೇ ಕೇಳಿಕೊಂಡರು, ಆದರೆ ಕಿಟ್ಟು ಪರಿಸರಸ್ನೇಹಿ ಎಂಬ ಮಾತನ್ನು ಮೂರು ಸಲ ಹೇಳಿದರೇ ಹೊರತು ಸೆಪ್ಟಿಕ್ ಟ್ಯಾಂಕ್ ಇರುವವರು ಏನು ಮಾಡಬೇಕೆಂಬುದಕ್ಕೆ ಉತ್ತರ ಕೊಡಲಿಲ್ಲ. ಟ್ಯಾಂಕಿಗೆ ಹಾಕುವ ಬ್ಯಾಕ್ಟೀರಿಯಾ ಪುಡಿಯೊಂದನ್ನು ಕೊಳ್ಳಲು ಸಲಹೆ ಕೊಟ್ಟರು. ಅದನ್ನೂ ತಂದು ನೋಡಿದೆ. ಉಪ್ಪನ್ನು ತಿನ್ನುವ ಬ್ಯಾಕ್ಟೀರಿಯಾ ಇಲ್ಲ, ಆ ಹಣ ದಂಡ.

ಮೂರನೆಯ ಕಂತಿನಿಂದ ನಾನು ಅನುಸರಿಸುತ್ತಿರುವ ಕ್ರಮದಲ್ಲಿ ಒಂದು ಹನಿಯೂ ಟ್ಯಾಂಕಿಗೆ ಹೋಗುವುದಿಲ್ಲ. ಹಸಿ ಚರ್ಮದ ಉಪ್ಪನ್ನು ತೊಳೆಯುವ ಮುನ್ನ ಬಿರುಸಾದ ಬ್ರಷ್ಷಿನಿಂದ ಒಣದಾಗಿಯೇ ಉದುರಿಸಿ ತೆಗೆದಿಡುತ್ತೇನೆ. ಇದೊಂದರಿಂದಲೇ ತೊಳೆಯುವ ನೀರಿನ ಉಪ್ಪು ಬಹಳ ಕಡಿಮೆಯಾಗುತ್ತದೆ. ಹುಳಿ ನೀರನ್ನು ಚೆಲ್ಲದೆ, ಬಟ್ಟೆಯಲ್ಲಿ ಸೋಸಿ, ಪಿಎಚ್ ನೋಡಿಕೊಂಡು ಸ್ವಲ್ಪ ಆಮ್ಲ ಸೇರಿಸಿ ಮುಂದಿನ ಕಂತಿಗೂ ಬಳಸುತ್ತೇನೆ. ಕಿಟ್ಟಿನ ಐದು ಪಟ್ಟಿಗಳು ಇದಕ್ಕೆ ಸಾಲುವುದಿಲ್ಲ, ನೂರು ಪಟ್ಟಿಗಳ ಡಬ್ಬಿಯನ್ನು ಬೇರೆಯಾಗಿ ತರಿಸಿಕೊಂಡಿದ್ದೇನೆ. ಪಟಿಕದ ನೀರಿಗೆ ಸೋಡಾದ ಬದಲು ಅರಳಿಸಿದ ಸುಣ್ಣದ ತೆಳುವಾದ ಗಂಜಿಯನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸುತ್ತೇನೆ. ಆಗ ಅಲ್ಯೂಮಿನಿಯಂ ಬಿಳಿಯ ಲೋಳೆಯಾಗಿ ಬೇರ್ಪಡುತ್ತದೆ, ಸಲ್ಫೇಟಿನ ಹೆಚ್ಚಿನ ಭಾಗವೂ ಸುಣ್ಣದ ಕ್ಯಾಲ್ಸಿಯಂ ಜೊತೆ ಸೇರಿ ಜಿಪ್ಸಂ ಆಗಿ ತಳಕ್ಕೆ ಇಳಿಯುತ್ತದೆ. ಸುಣ್ಣದಲ್ಲಿ ಒಂದು ಎಚ್ಚರ ಬೇಕು: ಸೋಡಾ ಎಷ್ಟು ಹೆಚ್ಚಾದರೂ ಪಿಎಚ್ 8ರ ಆಸುಪಾಸಿನಲ್ಲಿ ನಿಲ್ಲುತ್ತದೆ, ಆದರೆ ಸುಣ್ಣ ಹೆಚ್ಚಾದರೆ 12ರವರೆಗೂ ಏರುತ್ತದೆ. ಕಣ್ಣಿಗೆ ಕನ್ನಡಕ ಹಾಕಿಕೊಂಡು, ಪ್ರತಿ ಲೋಟಕ್ಕೊಮ್ಮೆ ಪಟ್ಟಿ ಅದ್ದಿ ನೋಡಿ, 7ಕ್ಕೆ ನಿಲ್ಲಿಸಬೇಕು. ಹುಳಿ ನೀರು ಬಳಸಿ ಬಳಸಿ ಕೊಳಕಾದಾಗ ಅದನ್ನೂ ಹೀಗೆಯೇ ಶಮನ ಮಾಡುತ್ತೇನೆ. ಸೋಡಾವನ್ನೇ ಬಳಸುವವರಿದ್ದರೆ ಡ್ರಮ್ಮಿನಲ್ಲಿ ಅರ್ಧದಷ್ಟು ಜಾಗ ಖಾಲಿ ಇರಲಿ, ನೊರೆ ರಭಸದಿಂದ ಉಕ್ಕುತ್ತದೆ. ಆ ಕೆಲಸವನ್ನು ಬಚ್ಚಲಿನ ಒಳಗೆ ಮಾಡದೆ ಬಯಲಿನಲ್ಲಿ ಮಾಡಬೇಕು.

ರಾತ್ರಿಯಿಡೀ ಬಿಟ್ಟರೆ ಬಿಳಿ ಕೆಸರು ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯಲ್ಲಿ ಉಳಿಯುವುದು ಮುಖ್ಯವಾಗಿ ಉಪ್ಪು. ಅದನ್ನು ಮಾಳಿಗೆಯ ಮೇಲೆ, ಇಟ್ಟಿಗೆಯ ಅಂಚು ಕಟ್ಟಿ ದಪ್ಪ ತಾಡಪತ್ರಿ ಹಾಸಿದ ತಟ್ಟೆಯಲ್ಲಿ ಸುರಿಯುತ್ತೇನೆ. ಒಂದು ಮೀಟರ್ ಅಗಲ, ಎರಡು ಮೀಟರ್ ಉದ್ದದ ತಟ್ಟೆಯಲ್ಲಿ 20 ಲೀಟರ್ ನೀರು ಒಂದೇ ಸೆಂಟಿಮೀಟರ್ ಎತ್ತರ ನಿಲ್ಲುತ್ತದೆ. ನಮ್ಮ ಮಾರ್ಚ್–ಏಪ್ರಿಲ್ ಬಿಸಿಲಿಗೆ ಮೂರು ನಾಲ್ಕು ದಿನಗಳಲ್ಲಿ ಅದು ಒಣಗುತ್ತದೆ. ಹಕ್ಕಿ, ಬೆಕ್ಕು ಬಾಯಿ ಹಾಕದಂತೆ ಮೇಲೆ ಬಲೆ ಕಟ್ಟಿರಬೇಕು. ಕೆರೆದು ತೆಗೆದ ಕಂದು ಉಪ್ಪನ್ನು ಮುಂದಿನ ಹಸಿ ಚರ್ಮಗಳಿಗೆ ಮೊದಲ ಸಲ ಹಚ್ಚಲು ಬಳಸುತ್ತೇನೆ. ಹೀಗಾಗಿ ಉಪ್ಪು ಕೊಳ್ಳುವುದೂ ಕಡಿಮೆಯಾಗಿದೆ. ಬಿಳಿ ಕೆಸರು ಒಣಗಿದ ಮೇಲೆ ಒಂದು ಕಂತಿಗೆ ಕಿಲೋ ಚಿಲ್ಲರೆ ಆಗುತ್ತದೆ. ಅದನ್ನು ಚೀಲದಲ್ಲಿ ಕಟ್ಟಿ ಒಣ ಕಸಕ್ಕೆ ಕೊಡುತ್ತೇನೆ. ಲಿಂಬೆ ಗಿಡ ಈ ಮಳೆಗಾಲದಲ್ಲಿ ಹೊಸ ಚಿಗುರು ಬಿಟ್ಟಿದೆ.

ಇದೇ ಮಾರಾಟಗಾರರ ಬಳಿ ಬೇಗ ಹದ ಮಾಡುವ ಕ್ರೋಮ್ ಕಿಟ್ಟೂ ಇದೆ. ಅದನ್ನು ನಾನು ಕೊಂಡಿಲ್ಲ, ಸೆಪ್ಟಿಕ್ ಟ್ಯಾಂಕ್ ಇರುವ ಯಾರೂ ಕೊಳ್ಳಬಾರದೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಅರ್ಧ ಕಿಲೋ ಕ್ರೋಮ್ ಪುಡಿಯಲ್ಲಿ ಸುಮಾರು 85 ಗ್ರಾಂ ಕ್ರೋಮಿಯಂ ಇರುತ್ತದೆ. ಚರ್ಮ ಅದರ ಮೂರರಲ್ಲಿ ಎರಡು ಪಾಲನ್ನು ಹೀರಿಕೊಂಡರೂ 25 ಗ್ರಾಮಿಗಿಂತ ಹೆಚ್ಚು ನೀರಿನಲ್ಲೇ ಉಳಿಯುತ್ತದೆ. ಹೊಳೆ ಹಳ್ಳಗಳಿಗೆ ಬಿಡುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 2 ಮಿಲಿಗ್ರಾಂ ಮೀರಬಾರದೆಂಬುದು ನಮ್ಮ ದೇಶದ ಮಿತಿ. ಆ 25 ಗ್ರಾಮನ್ನು ಬರೀ ನೀರು ಬೆರೆಸಿ ಆ ಮಟ್ಟಕ್ಕೆ ಇಳಿಸಬೇಕಾದರೆ 12,500 ಲೀಟರ್ ನೀರು ಬೇಕು. ಹಾಗೆ ಬೆರೆಸಿದರೂ ಲೋಹ ನಾಶವಾಗುವುದಿಲ್ಲ, ಅದು ಟ್ಯಾಂಕಿನ ಕೆಸರಿನಲ್ಲಿ ಕೂರುತ್ತದೆ. ಆ ಕೆಸರು ಯಾರದೋ ಹೊಲ ಸೇರಬಹುದು, ಏಕೆಂದರೆ ಹುಬ್ಬಳ್ಳಿ–ಧಾರವಾಡದ ಸುತ್ತ ನಗರದ ಹೊಲಸು ನೀರಿನಿಂದ ತರಕಾರಿ ಬೆಳೆಯುವುದು ಹಳೆಯ ರೂಢಿ. ಕ್ರೋಮ್ ಚರ್ಮದ ಚೂರುಗಳನ್ನು ಸುಡುವುದಂತೂ ಕೂಡದು, ಸುಟ್ಟ ಬೂದಿಯಲ್ಲಿ ಅದು ಕ್ಯಾನ್ಸರ್ ತರುವ ಆರು ವೇಲೆನ್ಸಿಯ ಕ್ರೋಮಿಯಂ ಆಗಬಲ್ಲದು. ವೆಲ್ಲೂರು ಭಾಗದ ಚರ್ಮದ ಕಾರ್ಖಾನೆಗಳು ಪಾಲಾರ್ ನದಿ ಮತ್ತು ಅದರ ದಂಡೆಯ ಬಾವಿಗಳನ್ನು ಕೆಡಿಸಿದ ವಿಷಯದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟೇ ತೀರ್ಪು ಕೊಡಬೇಕಾಯಿತು. ಈಗಾಗಲೇ ಕೊಂಡವರು ತೆರೆಯದ ಪೊಟ್ಟಣವನ್ನು ಮರಳಿಸುವುದು ಲೇಸು. ಬಳಸಿಬಿಟ್ಟಿದ್ದರೆ ಆ ನೀರನ್ನು ಮುಚ್ಚಳವಿರುವ ಡ್ರಮ್ಮಿನಲ್ಲಿ ಇಟ್ಟು, ಧಾರವಾಡದಲ್ಲಿರುವ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯನ್ನು ಕೇಳಬೇಕು.

ಕೂದಲು ತೆಗೆಯಲು ಕೆಲವರು ಸೋಡಿಯಂ ಸಲ್ಫೈಡ್ ಬಳಸುತ್ತಾರೆ. ಈ ಕಿಟ್ಟಿನಲ್ಲಿ ಅದಿಲ್ಲದಿರುವುದು ಒಳ್ಳೆಯದು. ಆ ನೀರಿಗೆ ಹುಳಿ ನೀರು ತಾಗಿದರೆ ಕ್ಷಣದಲ್ಲಿ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ, ಮುಚ್ಚಿದ ಕೋಣೆಯಲ್ಲಿ ಜೀವವೇ ಹೋದೀತು. ಮನೆಯಲ್ಲಿ ಕೂದಲು ತೆಗೆಯುವುದಕ್ಕೆ ಬರೀ ಸುಣ್ಣ ಸಾಕು.

ಹೋಲಿಕೆಗಾಗಿ ಒಂದು ಆಡಿನ ಚರ್ಮವನ್ನು ತಂಗಡಿ ತೊಗಟೆ ಮತ್ತು ಅಳಲೆಕಾಯಿಯಲ್ಲಿಯೂ ಹದ ಮಾಡಿದೆ. ಆರು ವಾರ ಹಿಡಿಯಿತು, ಬಣ್ಣ ಕಂದು, ಚರ್ಮ ಗಟ್ಟಿ, ನೀರಿಗೆ ಹೆದರುವುದಿಲ್ಲ. ಆ ಕಷಾಯದಲ್ಲಿ ಉಪ್ಪೂ ಇಲ್ಲ, ಲೋಹವೂ ಇಲ್ಲ. ಆದರೂ ತೊಗಟೆಯ ಒಗರು ಬ್ಯಾಕ್ಟೀರಿಯಾಗಳಿಗೆ ಒಗ್ಗದ ಕಾರಣ ಅದನ್ನು ಟ್ಯಾಂಕಿಗೆ ಬಿಡದೆ, ಒಣ ಎಲೆಯ ತಿಪ್ಪೆಗೆ ಸ್ವಲ್ಪ ಸ್ವಲ್ಪವಾಗಿ ಚಿಮುಕಿಸಿದೆ. ತಾಳ್ಮೆ ಇರುವವರಿಗೆ, ಅದರಲ್ಲೂ ಮಾಳಿಗೆಯ ಮೇಲೆ ಬಿಸಿಲಿನ ಜಾಗ ಇಲ್ಲದವರಿಗೆ, ನಾನು ಈ ಕಿಟ್ಟಿಗಿಂತ ತಂಗಡಿಯನ್ನೇ ಸೂಚಿಸುತ್ತೇನೆ.

ಚರ್ಮಕ್ಕೆ ಐದರಲ್ಲಿ ನಾಲ್ಕು, ಸೂಚನಾಪತ್ರಕ್ಕೆ ಐದರಲ್ಲಿ ಒಂದು ಅಂಕ ಕೊಡುತ್ತೇನೆ. ಸೋಡಾದ ಮಾತನ್ನು ತೆಗೆದು ಸುಣ್ಣ, ಕೆಸರು ಮತ್ತು ಬಿಸಿಲಿನ ತಟ್ಟೆಯ ವಿವರವನ್ನು ಅರ್ಧ ಪುಟ ಮುದ್ರಿಸಿದರೆ ಸಾಕು, ಮತ್ತು ಪೆಟ್ಟಿಗೆಯ ಮೇಲೆಯೇ ಸೆಪ್ಟಿಕ್ ಟ್ಯಾಂಕಿಗೆ ಸುರಿಯಬಾರದೆಂದು ಕನ್ನಡದಲ್ಲಿ ಬರೆಯಬೇಕು ಎಂದು ಮಾರಾಟಗಾರರಿಗೆ ಪತ್ರ ಬರೆದಿದ್ದೇನೆ. ಆರನೆಯ ಕಂತಿನ ನಾಲ್ಕು ಚರ್ಮಗಳು ಈಗ ಉಪ್ಪಿನಲ್ಲಿವೆ. ಮಳೆ ಪೂರ್ತಿ ಹಿಂದೆ ಸರಿದು ಮಾಳಿಗೆಯ ತಟ್ಟೆ ಒಣಗುವವರೆಗೆ ಅವನ್ನು ಹುಳಿ ನೀರಿಗೆ ಹಾಕುವುದಿಲ್ಲ.