ಉಜಿರೆಯ ರುಡ್‌ಸೆಟ್ ತರಬೇತಿ: ಹೊಲಿಗೆಗಿಂತ ಲೆಕ್ಕದ ಪಾಠ ದೊಡ್ಡದು

ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್‌ಗಳ ಸಹಯೋಗದಲ್ಲಿ 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಎಂಬ ಸ್ವಉದ್ಯೋಗ ತರಬೇತಿ ಸಂಸ್ಥೆಯಲ್ಲಿ ಊಟ, ವಸತಿ ಸಹಿತ ಉಚಿತವಾಗಿ ಹೊಲಿಗೆ ತರಬೇತಿ ಪಡೆದು ಸ್ವಂತ ಅಂಗಡಿ ತೆರೆದ ನನಗೆ, ಅಲ್ಲಿ ಕಲಿತ ಕಸುಬಿಗಿಂತಲೂ ಲೆಕ್ಕ ಬರೆಯುವ ಅಭ್ಯಾಸವೇ ಹೆಚ್ಚಿನ ಆಸರೆಯಾಗಿದೆ. ರವಿಕೆಯೊಂದರ ಬೆಲೆ ನಿಗದಿಪಡಿಸುವಾಗ ದಾರ, ವಿದ್ಯುತ್, ಬಾಡಿಗೆಯ ಜೊತೆಗೆ ನಮ್ಮ ಕೂಲಿಯನ್ನೂ ಸೇರಿಸಬೇಕು, ಅಂಗಡಿಯ ಹಣವನ್ನು ಮನೆಖರ್ಚಿನೊಂದಿಗೆ ಬೆರೆಸಬಾರದು ಎಂದು ತರಬೇತುದಾರರು ಒತ್ತಿ ಹೇಳಿದ್ದರ ಅರ್ಥ, ಮೊದಲ ಆಟಿ (ಆಷಾಢದ ಹೊತ್ತಿನ ತುಳು ತಿಂಗಳು) ತಿಂಗಳಲ್ಲಿ ಮದುವೆಗಳಿಲ್ಲದೆ ನನ್ನ ಯಂತ್ರ ಸುಮ್ಮನೆ ನಿಂತಾಗ ಸ್ಪಷ್ಟವಾಯಿತು. ಬ್ಯಾಂಕ್ ಸಾಲಕ್ಕೆ ನಾನು ಅಂದುಕೊಂಡದ್ದಕ್ಕಿಂತ ಹೆಚ್ಚು ಅಲೆಯಬೇಕಾಯಿತು. ಆದರೆ ತರಬೇತಿ ಮುಗಿದ ಮೇಲೂ ಸಂಸ್ಥೆಯವರು ವಿಚಾರಿಸುತ್ತಿದ್ದುದು, ಒಂಟಿಯಾಗಿ ದುಡಿಯುವವರಿಗೆ ಎಷ್ಟು ದೊಡ್ಡ ಧೈರ್ಯವೆಂಬುದನ್ನು ನಾನು ಕೃತಜ್ಞತೆಯಿಂದ ನೆನೆಯುತ್ತೇನೆ.