ಬಸುರಿ ತಂಗಿಯ ಮಾತ್ರೆ ಮತ್ತು ಟೆಲಿ-ಮನಸ್ 14416: ಐದಕ್ಕೆ ನಾಲ್ಕು ಸ್ಟಾರ್

ಗರ್ಭಿಣಿ ಆದ ತಕ್ಷಣ ಖಿನ್ನತೆಯ ಮಾತ್ರೆ ಬಿಡಬೇಕಾ ಅನ್ನೋ ಗೊಂದಲ ನಿಮ್ಮ ಮನೆಯಲ್ಲೂ ಇದ್ದರೆ, ಯಾರ ಮಾತನ್ನೋ ಕೇಳಿ ನಿಲ್ಲಿಸಬೇಡಿ, ಮೊದಲು ಮಾನಸಿಕ ಆರೋಗ್ಯದ ಸಹಾಯವಾಣಿ 14416ಕ್ಕೆ ಫೋನ್ ಮಾಡಿ.

ನನ್ನ ತಂಗಿ ಖಿನ್ನತೆಗೆ ಸರ್ಟ್ರಾಲಿನ್ ಅನ್ನೋ ಮಾತ್ರೆ ತೆಗೆದುಕೊಳ್ಳುತ್ತಾಳೆ. ಇಲ್ಲೇ ದಾವಣಗೆರೆಯ ಒಂದು ಮೆಡಿಕಲ್ ಶಾಪಿನಲ್ಲಿ ಚೀಟಿ ನೋಡಿದವರು "ಬಸುರಿಯರು ಇದನ್ನ ನುಂಗೋ ಹಾಗಿಲ್ಲಮ್ಮ, ಇವತ್ತೇ ಬಿಟ್ಟುಬಿಡಿ" ಅಂದರು. ಅಷ್ಟೇ ಸಾಕಾಯಿತು, ಅವಳ ಅತ್ತೆ ಮಾತ್ರೆಗಳನ್ನೆಲ್ಲ ಎತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಅವರಿಗೂ ಮೊಮ್ಮಗುವಿನ ಭಯ, ತಪ್ಪು ಹೇಳೋಕಾಗಲ್ಲ.

ಟೆಲಿ-ಮನಸ್ 2022ರಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. ದುಡ್ಡಿಲ್ಲ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮೊದಲು ಸಿಕ್ಕಿದ ಕೌನ್ಸೆಲರ್ ಮಾತ್ರೆ ಹೆಸರು, ಎಷ್ಟು ಮಿಲಿಗ್ರಾಂ, ಎಷ್ಟನೇ ತಿಂಗಳು, ನಿದ್ದೆ ಹೇಗಿದೆ, ಸಾಯುವ ಯೋಚನೆ ಬರುತ್ತಾ ಅಂತ ಒಂದೊಂದೇ ಕೇಳಿದರು. ಗದರಲಿಲ್ಲ, ಬುದ್ಧಿವಾದ ಹೇಳಲಿಲ್ಲ. ಆಮೇಲೆ ಡಾಕ್ಟರಿಗೆ ಲೈನ್ ಕೊಟ್ಟರು.

ಡಾಕ್ಟರ್ ಹೇಳಿದ್ದು ಕೇಳಿ ಅವಳ ಅತ್ತೆಗೂ ಸಮಾಧಾನವಾಯಿತು. ಸರ್ಟ್ರಾಲಿನ್ ಗರ್ಭಿಣಿಯರಿಗೆ ಸಾಮಾನ್ಯವಾಗಿ ಮುಂದುವರಿಸುವ ಮಾತ್ರೆಗಳಲ್ಲೊಂದು. ಕೆಲವು ಮಕ್ಕಳು ಹುಟ್ಟಿದ ಮೇಲೆ ಸ್ವಲ್ಪ ದಿನ ಜಾಸ್ತಿ ಅಳಬಹುದು, ಕೈಕಾಲು ನಡುಗಬಹುದು, ಅದಕ್ಕೇ ಹೆರಿಗೆ ಮಾಡಿಸುವ ಡಾಕ್ಟರಿಗೂ ಮೊದಲೇ ತಿಳಿಸಿರಬೇಕು. ಆದರೆ ದಿಢೀರನೆ ಬಿಟ್ಟರೆ ತಲೆಸುತ್ತು, ಕಳವಳ ಶುರುವಾಗಬಹುದು, ಕಾಯಿಲೆಯೂ ತಿರುಗಿ ಬರಬಹುದು. ತಾಯಿ ಊಟ ಬಿಟ್ಟು, ನಿದ್ದೆಗೆಟ್ಟು, ಚೆಕಪ್ಪಿಗೂ ಹೋಗದೆ ಮಲಗಿಬಿಟ್ಟರೆ ಅದರ ಪೆಟ್ಟು ಮಗುವಿಗೂ ಬೀಳುತ್ತದೆ ಅಲ್ವಾ?

ಹಾಗಂತ ಎಲ್ಲ ಮಾತ್ರೆಯೂ ಒಂದೇ ಅಲ್ಲ. ಮೂರ್ಛೆರೋಗಕ್ಕೂ ಬೈಪೋಲಾರ್ ಕಾಯಿಲೆಗೂ (ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ಏರಿಳಿಯುವ ಕಾಯಿಲೆ) ಕೊಡುವ ವ್ಯಾಲ್‌ಪ್ರೊಯೇಟ್‌ನಿಂದ ಮಗುವಿನ ಬೆನ್ನುಹುರಿಗೆ, ಮುಂದೆ ಕಲಿಕೆಗೆ ತೊಂದರೆ ಆಗುವ ಅಪಾಯ ಜಾಸ್ತಿ. ಅದನ್ನು ತೆಗೆದುಕೊಳ್ಳುವವರು ಮಗು ಬೇಕು ಅಂದುಕೊಂಡಾಗಲೇ ಡಾಕ್ಟರ ಹತ್ತಿರ ಮಾತಾಡಬೇಕು. ಆಗಲೇ ಬಸುರಿಯಾಗಿದ್ದರೆ ತಾವಾಗೇ ನಿಲ್ಲಿಸದೆ ಕೂಡಲೇ ತೋರಿಸಬೇಕು. ಬೈಪೋಲಾರ್‌ಗೇ ಕೊಡುವ ಲಿಥಿಯಂ ಮಾತ್ರೆ ಇದ್ದರೆ ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಿರಬೇಕು.

ಒಂದು ಸ್ಟಾರ್ ಯಾಕೆ ಕಡಿಮೆ ಅಂದರೆ, ಎಷ್ಟು ಡೋಸ್ ಅನ್ನೋದನ್ನ ನೋಡುತ್ತಿರುವ ಡಾಕ್ಟರೇ ಹೇಳಬೇಕು ಅಂತ ವಾಪಸ್ ಕಳಿಸಿದರು. ಅದು ಸರಿಯೇ ಇರಬಹುದು, ಆದರೆ ಹಳ್ಳಿಯಿಂದ ಬಸ್ ಹತ್ತಿ ಬರುವವರಿಗೆ ಕಷ್ಟ. ತಾಲೂಕು ಆಸ್ಪತ್ರೆಗಳಲ್ಲಿ ಮಾನಸಿಕ ಕಾಯಿಲೆಗಳಿಗೆ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇದೆ, ಅಲ್ಲಿ ವಿಚಾರಿಸಿ. ಮಾತ್ರೆಯ ಹೆಸರನ್ನು ತಾಯಿ ಕಾರ್ಡಿನಲ್ಲಿ ಬರೆಸಿ. ಫೋನ್ ಮಾಡುವಾಗ ಚೀಟಿ ಕೈಯಲ್ಲಿರಲಿ, ಆದಷ್ಟು ಗರ್ಭಿಣಿಯೇ ಮಾತಾಡಲಿ. ನಾವು ಪಕ್ಕದಲ್ಲಿ ಕೂತರೆ ಸಾಕು.