ಎಕಿನೇಶಿಯ ಹನಿ, ಎಕಿನೇಶಿಯ ಕ್ಯಾಪ್ಸೂಲ್: ತೀರ್ಥಹಳ್ಳಿ ಕಡೆಯ ಮಳೆಗಾಲದಲ್ಲಿ ಬಳಸಿ ನೋಡಿದ್ದು

ಎಕಿನೇಶಿಯ ಅಂದರೆ ಅಮೆರಿಕದ ಒಂದು ಗಿಡ, ಶೀತಕ್ಕೆ ಅಂತ ಅದರ ಔಷಧಿ ಮಾರುತ್ತಾರೆ. ಅದರ ಹನಿ ನನಗೆ ಇಷ್ಟ. ಕ್ಯಾಪ್ಸೂಲ್ ಇಷ್ಟ ಇಲ್ಲ. ಕೆಲವು ಮಳೆಗಾಲ ಎರಡನ್ನೂ ಬಳಸಿದ ಮೇಲೆ ಹೇಳುತ್ತಿದ್ದೇನೆ. ಶೀತ ಬರದಂತೆ ತಡೆಯುತ್ತಾ ಅಂತ ಕೇಳುವವರಿಗೆ ನೇರ ಉತ್ತರ: ನನಗೆ ತಡೆದಿಲ್ಲ. ಆದರೂ ಮನೆಯಲ್ಲಿ ಒಂದು ಬಾಟಲಿ ಇದ್ದೇ ಇರುತ್ತದೆ. ಯಾಕೆ ಅಂತ ಬರೆಯುತ್ತೇನೆ. ಈ ಸಲದ ಬಾಟಲಿ ತರಿಸಿದ ಸಿಟ್ಟನ್ನೂ ಬರೆಯುತ್ತೇನೆ.

ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಪಾಠ ಮಾಡುವವಳು. ಆರಿದ್ರ ಮಳೆ ಹಿಡಿಯಿತು ಅಂದರೆ ನಮ್ಮ ಗಂಟಲಿಗೆ ಕಷ್ಟ ಶುರು. ಕ್ಲಾಸಿನ ಮೇಲೆ ತಗಡಿನ ಶೀಟು. ಜಡಿಮಳೆ ಬಿದ್ದರೆ ಮೊದಲ ಬೆಂಚಿನವರಿಗೂ ಮಾತು ಕೇಳಿಸುವುದಿಲ್ಲ. ಕೂಗಿ ಕೂಗಿ ಪಾಠ ಮಾಡಬೇಕು. ಎದುರಿಗೆ ಅರ್ಧ ಒಣಗಿದ ಯೂನಿಫಾರ್ಮಿನಲ್ಲಿ ಮಕ್ಕಳು ಸೀನುತ್ತಾ ಕೂತಿರುತ್ತಾರೆ. ಸಂಜೆ ಬಸ್ಸಿನಲ್ಲಿ ಕಿಟಕಿಗಳೆಲ್ಲ ಮುಚ್ಚಿ, ಕೊಡೆಯ ನೀರು ಕಾಲ ಮೇಲೆ ಸುರಿಯುತ್ತಾ, ಅಕ್ಕಪಕ್ಕದವರ ಕೆಮ್ಮು ಕೇಳುತ್ತಾ ಮನೆಗೆ ಬರಬೇಕು. ಇಷ್ಟಾದ ಮೇಲೆ ಶೀತ ಬರದೇ ಇರುತ್ತಾ? ಶೀತ ಬಂದರೆ ಸಹಿಸಬಹುದು. ಗಂಟಲು ಕಟ್ಟಿದರೆ ನನ್ನ ಕೆಲಸವೇ ನಿಲ್ಲುತ್ತದೆ.

ಮನೆಯಲ್ಲಿ ಕಷಾಯಕ್ಕೆ ಕೊರತೆ ಇಲ್ಲ. ಕೊತ್ತಂಬರಿ, ಜೀರಿಗೆ, ಮೆಣಸು, ಮೆಂತ್ಯ ಹುರಿದು ಪುಡಿ ಮಾಡಿ ಅತ್ತೆ ಮೇ ತಿಂಗಳಲ್ಲೇ ಡಬ್ಬಿ ತುಂಬಿಸಿಡುತ್ತಾರೆ. ಹಿತ್ತಲ ಬೇಲಿಯಲ್ಲಿ ಅಮೃತಬಳ್ಳಿ ಇದೆ, ತುಳಸಿ ಇದೆ, ದೊಡ್ಡಪತ್ರೆ ಇದೆ. ಅವನ್ನು ಬಿಟ್ಟು ಅಮೆರಿಕದ ಗಿಡ ಯಾಕೆ ಅಂತ ಅತ್ತೆಯೂ ಕೇಳಿದ್ದರು. ಬಿಟ್ಟಿಲ್ಲ, ಕಷಾಯ ಈಗಲೂ ದಿನಾ ಕುಡಿಯುತ್ತೇನೆ. ಬೆಂಗಳೂರಿನಲ್ಲಿರುವ ಭಾವನ ಮಗಳು ಒಮ್ಮೆ ಕ್ಯಾಪ್ಸೂಲ್ ತಂದು, "ಚಿಕ್ಕಮ್ಮಾ, ನಮ್ಮ ಆಫೀಸಲ್ಲಿ ಎಲ್ಲರೂ ತಗೋತಾರೆ, ನೋಡಿ" ಅಂದಳು. ಹಾಗೆ ಶುರುವಾಗಿದ್ದು.

ಕ್ಯಾಪ್ಸೂಲ್ ವಿಷಯ ಬೇಗ ಮುಗಿಸುತ್ತೇನೆ. ಬಾಟಲಿ ಬೆಲೆ ಸಾವಿರ ದಾಟಿತ್ತು. ನನ್ನ ಸಂಬಳಕ್ಕೆ ಅದು ಜಾಸ್ತಿ. ಅದಕ್ಕಿಂತ ದೊಡ್ಡ ತೊಂದರೆ ನಮ್ಮ ಹವೆ. ಜುಲೈ ತಿಂಗಳಲ್ಲಿ ಇಲ್ಲಿ ಉಪ್ಪು ನೀರಾಗುತ್ತದೆ, ಚಪ್ಪಲಿಗೆ ಬೂಸ್ಟು ಬರುತ್ತದೆ. ಜೆಲಾಟಿನ್ ಕ್ಯಾಪ್ಸೂಲು ಗಾಳಿಯ ತೇವ ಹೀರಿ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡವು. ಬಿಡಿಸಲು ಹೋದರೆ ಹರಿದು ಒಳಗಿನ ಪುಡಿ ಕೈಗೆ ಬಂತು. ಬಾಟಲಿಯೊಳಗಿನ ಸಣ್ಣ ಸಿಲಿಕಾ ಪೊಟ್ಟಣ ನಮ್ಮೂರ ಮಳೆಗೆ ಸಾಲದು. ಒಣ ಊರಿನವರಿಗೆ ಈ ತೊಂದರೆ ಇರಲಿಕ್ಕಿಲ್ಲ. ಮಲೆನಾಡಿನವರು ತಗೊಳ್ಳುವುದಿದ್ದರೆ ಒಂದೊಂದೇ ಬಿಡಿಸಿ ತೆಗೆಯುವ ಸ್ಟ್ರಿಪ್ಪಿನಲ್ಲಿ ಇರುವುದನ್ನೇ ನೋಡಿ.

ಆಮೇಲೆ ಶಿವಮೊಗ್ಗಕ್ಕೆ ಹೋದಾಗ ದುರ್ಗಿಗುಡಿಯ ಒಂದು ಔಷಧಿ ಅಂಗಡಿಯಲ್ಲಿ ಹನಿ ರೂಪದ್ದು ಸಿಕ್ಕಿತು. ಹೋಮಿಯೋಪಥಿಯವರು ಮದರ್ ಟಿಂಕ್ಚರ್ ಅನ್ನುತ್ತಾರಲ್ಲ, ಅದು. ಸಕ್ಕರೆ ಗುಳಿಗೆಯಲ್ಲ. ಗಿಡವನ್ನು ಆಲ್ಕೋಹಾಲಿನಲ್ಲಿ ನೆನೆಸಿ ತೆಗೆದ ಸಾರ. ಸಣ್ಣ ಬಾಟಲಿ, ಕ್ಯಾಪ್ಸೂಲಿಗಿಂತ ಎಷ್ಟೋ ಅಗ್ಗ. ಡಾಕ್ಟರನ್ನು ಕೇಳಿಯೇ ಶುರು ಮಾಡಿದೆ. ಎಷ್ಟು ಹನಿ ಅಂತ ಅವರೇ ಹೇಳಿದರು.

ಈ ಹನಿ ಕೊಟ್ಟ ಖುಷಿಯನ್ನು ನಾನು ನಿರೀಕ್ಷಿಸಿರಲಿಲ್ಲ. ಗಂಟಲಲ್ಲಿ ಕೆರೆತ ಶುರುವಾದ ದಿನ ಮಾತ್ರ ಬಾಟಲಿ ತೆಗೆಯುತ್ತೇನೆ. ಸಂಜೆ ಬಂದು ಕೈಕಾಲು ತೊಳೆದು, ಬಚ್ಚಲ ಒಲೆಗೆ ಎರಡು ಕೊಂಟು ತಳ್ಳಿ, ಅದರ ಮುಂದೆಯೇ ಮಣೆ ಹಾಕಿಕೊಂಡು ಕೂರುತ್ತೇನೆ. ಹಂಡೆಯ ನೀರು ಕಾಯುತ್ತಾ ಇರುತ್ತದೆ. ಗಿಂಡಿಯಲ್ಲಿ ಕುಡಿಯುವ ನೀರು ಬಿಸಿ ಮಾಡಿ, ಸಣ್ಣ ಲೋಟಕ್ಕೆ ಅರ್ಧ ಸುರಿದು, ಅದಕ್ಕೆ ಹನಿ ಹಾಕುತ್ತೇನೆ. ಮೊದಲು ಸ್ಪಿರಿಟ್ಟಿನ ವಾಸನೆ ಬರುತ್ತದೆ. ಬಿಸಿ ನೀರಿಗೆ ಅದು ಹಾರಿದ ಮೇಲೆ ಹಸಿ ಮಣ್ಣಿನ, ಬೇರಿನ ವಾಸನೆ. ಒಂದೇ ಗುಟುಕಿಗೆ ನುಂಗುವುದಿಲ್ಲ. ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಳ್ಳುತ್ತೇನೆ. ಆಗ ನಾಲಿಗೆ ತುದಿ ಜುಮ್ ಅನ್ನುತ್ತದೆ. ನಿಧಾನವಾಗಿ ಪಕ್ಕಕ್ಕೆ, ಅಂಗುಳಕ್ಕೆ, ಗಂಟಲಿಗೆ ಹರಡುತ್ತದೆ. ಕೆರೆತ ಇದ್ದ ಜಾಗ ಸ್ವಲ್ಪ ಮರಗಟ್ಟಿದಂತಾಗಿ ಹಾಯೆನಿಸುತ್ತದೆ. ಜುಮ್ಮನಕಾಯಿ ಅಗಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಹೆಚ್ಚುಕಡಿಮೆ ಅದೇ ಜುಮ್.

ಆ ಜುಮ್ ಎಲ್ಲಿಂದ ಬರುತ್ತೆ ಅಂತ ಓದಿ ನೋಡಿದೆ. ಎಕಿನೇಶಿಯ ಬೇರಿನಲ್ಲಿ ಆಲ್ಕಮೈಡ್ ಅನ್ನುವ ರಾಸಾಯನಿಕಗಳಿವೆ. ನಾಲಿಗೆಗೆ ಜುಮ್ ಅನ್ನಿಸುವುದು ಅವೇ. ನಮ್ಮ ಜುಮ್ಮನಕಾಯಿಯಲ್ಲಿರುವುದೂ ಅದೇ ಜಾತಿಯ ರಾಸಾಯನಿಕ. ಅಮೆರಿಕದ ಬಯಲುಸೀಮೆಯ ಮೂಲನಿವಾಸಿಗಳು ಹಲ್ಲುನೋವಿಗೆ, ಗಂಟಲು ನೋವಿಗೆ ಈ ಬೇರನ್ನು ಅಗಿಯುತ್ತಿದ್ದರಂತೆ. ನನಗೆ ಅದು ತುಂಬಾ ಸರಿ ಅನ್ನಿಸಿತು. ಕ್ಯಾಪ್ಸೂಲಿನಲ್ಲಿ ನುಂಗಿದರೆ ಗಂಟಲಿಗೆ ಇದು ಮುಟ್ಟುವುದೇ ಇಲ್ಲ ಅಲ್ವಾ? ಸೀದಾ ಹೊಟ್ಟೆಗೆ ಹೋಗುತ್ತದೆ. ನನಗೆ ಬೇಕಾಗಿದ್ದು ಗಂಟಲಿಗೆ.

ಹನಿ ತಗೊಂಡ ರಾತ್ರಿ ಮಾತು ಕಡಿಮೆ ಮಾಡಿ, ಗಂಜಿ ಉಂಡು, ಬೇಗ ಕಂಬಳಿ ಹೊದ್ದು ಮಲಗುತ್ತೇನೆ. ಮರುದಿನ ಧ್ವನಿ ಏಳುತ್ತದೆ. ಇದರಲ್ಲಿ ಹನಿಯ ಪಾಲು ಎಷ್ಟು, ನಿದ್ದೆಯ ಪಾಲು ಎಷ್ಟು ಅಂತ ಬೇರೆ ಮಾಡಿ ಹೇಳಲು ಆಗುವುದಿಲ್ಲ. ಎರಡೂ ಒಟ್ಟಿಗೇ ಬರುತ್ತವೆ.

ಈ ಸಲ ಮಳೆ ಶುರುವಾಗುವ ಮೊದಲೇ ಹೊಸ ಬಾಟಲಿ ತಂದೆ. ಅಂಗಡಿ ಬೇರೆ, ಕಂಪನಿ ಬೇರೆ. ಬಣ್ಣ ಹೆಚ್ಚುಕಡಿಮೆ ಅದೇ. ಬಾಯಿಗೆ ಹಾಕಿದರೆ ಏನೂ ಇಲ್ಲ. ಜುಮ್ ಇಲ್ಲ, ಬೇರಿನ ವಾಸನೆ ಇಲ್ಲ. ಕಹಿ ಸ್ಪಿರಿಟ್ ಮಾತ್ರ. ಅಂಗಡಿಯವರನ್ನು ಕೇಳಿದೆ. "ಎಲ್ಲಾ ಒಂದೇ ಮೇಡಂ, ಹೆಸರು ನೋಡಿ, ಎಕಿನೇಶಿಯ ಅಂತಲೇ ಇದೆಯಲ್ಲ" ಅಂದರು. ಎಲ್ಲಾ ಒಂದೇ ಅಲ್ಲ. ನನ್ನ ಸಿಟ್ಟು ಇರುವುದೇ ಅಲ್ಲಿ.

ಎಕಿನೇಶಿಯ ಅನ್ನುವುದು ಒಂದೇ ಗಿಡದ ಹೆಸರಲ್ಲ. ಔಷಧಿಗೆ ಬಳಸುವುದು ಮೂರು: ಪರ್ಪ್ಯೂರಿಯ, ಅಂಗುಸ್ಟಿಫೋಲಿಯ, ಪ್ಯಾಲಿಡ. ಮೂರರಲ್ಲೂ ಇರುವ ವಸ್ತುಗಳು ಬೇರೆ ಬೇರೆ ಪ್ರಮಾಣದಲ್ಲಿವೆ. ಒಂದೇ ಗಿಡದಲ್ಲೂ ಬೇರಿನದ್ದು ಬೇರೆ, ಸೊಪ್ಪು ಹೂವಿನದ್ದು ಬೇರೆ. ಹಿಂಡಿ ತೆಗೆದ ರಸ ಬೇರೆ, ಆಲ್ಕೋಹಾಲಿನಲ್ಲಿ ತೆಗೆದ ಸಾರ ಬೇರೆ, ಒಣಗಿಸಿದ ಪುಡಿ ಬೇರೆ. ತಜ್ಞರಿಗೂ ಗಿಡ ಅದಲುಬದಲಾಗಿದೆ. 1930ರ ದಶಕದಲ್ಲಿ ಜರ್ಮನಿಯ ಔಷಧಿ ತಯಾರಕ ಗೆರ್ಹಾರ್ಡ್ ಮಾಡೌಸ್ ಅಮೆರಿಕದಿಂದ ಅಂಗುಸ್ಟಿಫೋಲಿಯ ಅಂದುಕೊಂಡು ತಂದ ಬೀಜ ಬಿತ್ತಿ ಬೆಳೆದರೆ ಪರ್ಪ್ಯೂರಿಯ ಬಂತು. ಯುರೋಪಿನಲ್ಲಿ ಪರ್ಪ್ಯೂರಿಯ ರಸದ ಔಷಧಿ ಹಬ್ಬಿದ್ದು ಅಲ್ಲಿಂದ. ಇನ್ನೊಂದು ವಿಷಯ ಓದಿ ನನಗೆ ಗಾಬರಿಯಾಯಿತು. ವ್ಯಾಪಾರದಲ್ಲಿ ಎಕಿನೇಶಿಯ ಬೇರಿನ ಜಾಗದಲ್ಲಿ ಪಾರ್ಥೇನಿಯಂ ಕುಲದ ಒಂದು ಅಮೆರಿಕನ್ ಗಿಡದ ಬೇರು ಬಂದಿದ್ದೂ ಹಿಂದೆ ಪತ್ತೆಯಾಗಿದೆಯಂತೆ. ಅದು ನಮ್ಮ ರಸ್ತೆಬದಿಯ ಕಾಂಗ್ರೆಸ್ ಗಿಡಕ್ಕೆ ಹತ್ತಿರದ ಸಂಬಂಧಿ.

ನನ್ನ ಬಾಟಲಿಯ ಲೇಬಲ್ ಮೇಲೆ ಯಾವ ಎಕಿನೇಶಿಯ, ಯಾವ ಭಾಗ, ಎಷ್ಟು ಸಾರ, ಇದೊಂದೂ ಇಲ್ಲ. ಇಮ್ಯೂನಿಟಿ ಅಂತ ದಪ್ಪ ಅಕ್ಷರದಲ್ಲಿದೆ. ಒಂದು ಕೆಜಿ ಅಕ್ಕಿ ತರುವಾಗಲೂ ಸೋನಾ ಮಸೂರಿಯೋ, ಕುಚ್ಚಲಕ್ಕಿಯೋ ಅಂತ ಕೇಳುತ್ತೇವೆ. ಹೊಟ್ಟೆಗೆ ಹಾಕುವ ಔಷಧಿಗೆ ಅಷ್ಟೂ ಹೇಳದಿದ್ದರೆ ಹೇಗೆ? ಜುಮ್ ಅಂದ ಮಾತ್ರಕ್ಕೆ ಶೀತ ವಾಸಿಯಾಗುತ್ತದೆ ಅಂತ ನಾನು ಹೇಳುತ್ತಿಲ್ಲ. ಸೊಪ್ಪಿನ ರಸದಲ್ಲಿ ಜುಮ್ ಕಡಿಮೆ ಇರಬಹುದು, ಅದು ಕಲಬೆರಕೆ ಅಂತಲೂ ಅಲ್ಲ. ಆದರೆ ಲೇಬಲ್ ಸುಮ್ನಿದ್ದರೆ ಕೊಂಡವರಿಗೆ ಉಳಿಯುವ ಗುರುತು ನಾಲಿಗೆ ಒಂದೇ.

ಸಂಶೋಧನೆಯಲ್ಲೂ ಇದೇ ತೊಡಕು. ಔಷಧಿಗಳ ಮೇಲೆ ನಡೆದ ಪರೀಕ್ಷೆಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡುವ ಕಾಕ್ರೇನ್ ಸಂಸ್ಥೆಯ 2014ರ ಪರಿಶೀಲನೆಯಲ್ಲಿ 24 ಪರೀಕ್ಷೆಗಳು, 4,631 ಜನರ ಲೆಕ್ಕ ಇದೆ. ಶೀತ ಬಂದ ಮೇಲೆ ತಗೊಂಡರೆ ಗುಣವಾಗುತ್ತದೆ ಅನ್ನಲು ಗಟ್ಟಿ ಆಧಾರ ಸಿಗಲಿಲ್ಲ. ಮೊದಲೇ ತಗೊಂಡವರಲ್ಲಿ ಶೀತ ಸ್ವಲ್ಪ ಕಡಿಮೆ ಇರಬಹುದು ಅನ್ನುವಷ್ಟು ಸುಳಿವು ಮಾತ್ರ. ಪರೀಕ್ಷೆಗೆ ಬಳಸಿದ ಔಷಧಿಗಳು ಒಂದಕ್ಕಿಂತ ಒಂದು ಬೇರೆ ಇದ್ದವು ಅಂತಲೂ ಅವರು ಬರೆದಿದ್ದಾರೆ. 2005ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಪರೀಕ್ಷೆಯಲ್ಲಿ ಅಂಗುಸ್ಟಿಫೋಲಿಯ ಬೇರಿನ ಮೂರು ಬಗೆಯ ಸಾರ ಕೊಟ್ಟು, ಒಪ್ಪಿದ ಜನರಿಗೆ ಶೀತದ ವೈರಸ್ಸನ್ನೇ ಮೂಗಿಗೆ ಹಾಕಿ ನೋಡಿದರು. ಹೇಳಿಕೊಳ್ಳುವಂಥ ಪರಿಣಾಮ ಆಗಲಿಲ್ಲ. ನಾನು ಇಷ್ಟಪಡುವ ಬೇರಿಗೇ ಈ ಫಲಿತಾಂಶ ಬಂದಿದೆ. ಆದ್ದರಿಂದ ಗಂಟಲಿನ ಹಿತಕ್ಕಿಂತ ಜಾಸ್ತಿ ಏನನ್ನೂ ನಾನು ಇದರಿಂದ ಬಯಸುವುದಿಲ್ಲ.

ಇನ್ನು ಯಾರು ತಗೊಳ್ಳಬಾರದು ಅನ್ನುವುದನ್ನು ಹೇಳಲೇಬೇಕು. ಎಕಿನೇಶಿಯ ಸೇವಂತಿಗೆಯ ಕುಟುಂಬದ ಗಿಡ. ಕಾಂಗ್ರೆಸ್ ಗಿಡವೂ ಅದೇ ಕುಟುಂಬ. ನನ್ನ ನಾದಿನಿಗೆ ಕಾಂಗ್ರೆಸ್ ಗಿಡ ತಾಗಿದರೆ ಕತ್ತು, ಮೊಣಕೈ ಎಲ್ಲ ಕೆಂಪಾಗಿ ತುರಿಸುತ್ತದೆ. ಸೇವಂತಿಗೆ ಮಾಲೆ ಕಟ್ಟಿದರೂ ಹಾಗೇ. "ಅತ್ತಿಗೆ, ನಂಗೂ ಒಂದು ಬಾಟಲಿ ತನ್ನಿ" ಅಂತ ಅವಳು ಕೇಳಿದಾಗ ನಾನು ತರಲಿಲ್ಲ. ಇಂಥ ಅಲರ್ಜಿ ಇರುವವರು ದೂರ ಇರಬೇಕು. ರೋಗನಿರೋಧಕ ಶಕ್ತಿ ನಮ್ಮ ದೇಹದ ಮೇಲೇ ತಿರುಗಿ ಬೀಳುವ ಆಮವಾತದಂತಹ ಕಾಯಿಲೆ ಇರುವವರು, ಕ್ಷಯ ಇರುವವರು, ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತಗೊಳ್ಳುವವರೂ ಅಷ್ಟೇ. ಯುರೋಪಿನ ಔಷಧಿ ಸಂಸ್ಥೆ ಪರ್ಪ್ಯೂರಿಯ ರಸವನ್ನು 12 ವರ್ಷದೊಳಗಿನ ಮಕ್ಕಳಿಗೆ ಬೇಡ ಅನ್ನುತ್ತದೆ, ದೊಡ್ಡವರಿಗೂ 10 ದಿನಕ್ಕಿಂತ ಜಾಸ್ತಿ ಬೇಡ ಅನ್ನುತ್ತದೆ. ವರ್ಷವಿಡೀ ದಿನಾ ನುಂಗುವವರನ್ನು ನೋಡಿದರೆ ನನಗೆ ಚಿಂತೆಯಾಗುತ್ತದೆ. ಟಿಂಕ್ಚರಿನಲ್ಲಿ ಆಲ್ಕೋಹಾಲ್ ಇರುವುದರಿಂದ ಮಕ್ಕಳ ಕೈಗೆ ಸಿಗದಂತೆ ಮೇಲೆ ಇಡಿ.

ಜ್ವರಕ್ಕೆ ಇದು ಅಲ್ಲವೇ ಅಲ್ಲ. ನಮ್ಮ ಕಡೆ ಇದನ್ನು ಒತ್ತಿ ಹೇಳಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಮೊದಲು ಗೊತ್ತಾದದ್ದು. ಈಗಲೂ ಚಳಿಗಾಲದಿಂದ ಬೇಸಿಗೆವರೆಗೆ ಉಣುಗು ಕಚ್ಚಿ ಜನರಿಗೆ ಬರುತ್ತಿದೆ. ಮಳೆಗಾಲದಲ್ಲಿ ಗದ್ದೆಗೆ ಇಳಿದವರಿಗೆ ಇಲಿಜ್ವರ ಬರುತ್ತದೆ. ದರಗೆಲೆಗೋ ಸೌದೆಗೋ ಕಾಡಿಗೆ ಹೋಗಿ ಬಂದವರಿಗೆ ಜ್ವರ ಬಂದರೆ ಕಷಾಯ, ಹನಿ ಅಂತ ಮನೆಯಲ್ಲಿ ಕೂರಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ.

ಖರ್ಚಿನ ಲೆಕ್ಕದಲ್ಲಿ ಹನಿ ನನಗೆ ಹೊರೆಯಲ್ಲ. ಗಂಟಲು ಕೆರೆದ ದಿನಗಳಲ್ಲಿ ಮಾತ್ರ ಬಳಸುವುದರಿಂದ ಒಂದು ಬಾಟಲಿ ಇಡೀ ಮಳೆಗಾಲಕ್ಕೆ ಬರುತ್ತದೆ. ಕ್ಯಾಪ್ಸೂಲಿಗೆ ಐದರಲ್ಲಿ ಒಂದು ಅಂಕ. ಜುಮ್ ಅನ್ನುವ ಹನಿಗೆ ಮೂರೂವರೆ. ಈ ಸಲದ ಬಾಟಲಿಗೆ ಅಂಕ ಇಲ್ಲ. ಅದರ ಕಂಪನಿಗೆ ಯಾವ ಗಿಡ, ಯಾವ ಭಾಗ ಅಂತ ಕೇಳಿ ಪತ್ರ ಬರೆದಿದ್ದೇನೆ, ಇನ್ನೂ ಉತ್ತರ ಬಂದಿಲ್ಲ. ಬಂದರೆ ಇಲ್ಲೇ ಸೇರಿಸುತ್ತೇನೆ. ಲೇಬಲ್ ಮೇಲೆ ಗಿಡದ ಪೂರ್ತಿ ಹೆಸರು, ಭಾಗ, ಪ್ರಮಾಣ ಮೂರೂ ಬರೆದಿರುವ ಹನಿ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಯಾರಿಗಾದರೂ ಸಿಕ್ಕಿದ್ದರೆ ದಯವಿಟ್ಟು ತಿಳಿಸಿ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಬಸ್ಸು ಹತ್ತಿ ಬಂದು ತಗೊಳ್ಳುತ್ತೇನೆ.